ರದ್ದಾದ ಸೈಟಿನ ಸ್ಥಳಮಹಾತ್ಮೆ

ಲೋಣಾವಳಾಕ್ಕೆ ಹೋದ ಕನ್ನಡಿಗರು ಭೂಶಿ ಅಣೆಕಟ್ಟಿನ ಮೆಟ್ಟಿಲ ಮೇಲೆ ನೆನೆದು, ಚಿಕ್ಕಿ ಕಟ್ಟಿಸಿಕೊಂಡು, ನೆಗಡಿ ಹಿಡಿಸಿಕೊಂಡು ಬರುತ್ತಾರೆ. ಆಸ್ತಿಯ ವಿಚಾರದಲ್ಲಿ ಆ ಸೀಮೆ ಕಲಿಸುವ ಪಾಠವನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತಾರೆ. ಊರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಆಚೆ, ಸಹ್ಯಾದ್ರಿಯ ನೆತ್ತಿಯಲ್ಲಿ ಆಂಬಿ ವ್ಯಾಲಿ ಇದೆ. ಬಂಗಲೆಗಳಿವೆ, ಕೆರೆಯಿದೆ, ಗಾಲ್ಫ್ ಮೈದಾನವಿದೆ, ವಿಮಾನ ಇಳಿಯಲು ಪಟ್ಟಿಯೂ ಇದೆ. ಸಹಾರಾ ಸಮೂಹದ ಈ ಆಸ್ತಿಯನ್ನು ಹರಾಜು ಹಾಕಿ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 37,392 ಕೋಟಿ ರೂಪಾಯಿ ಮೂಲ ಬೆಲೆ ನಿಗದಿಯಾಯಿತು. ಕೂಗಿದ್ದೇ ಬಂತು, ಹರಾಜು ಕೈಗೂಡಲಿಲ್ಲ. ದೇಶದ ಅತಿ ದೊಡ್ಡ ಕೋರ್ಟೇ ನಿಂತು ಮಾರಿಸಿದರೂ ಹೋಗದ ಆಸ್ತಿಯ ದೋಷವೇನು ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಅದು ಇದೆ. ಹೋಗಿ ನೋಡಬಹುದು, ಅಳೆಯಬಹುದು, ಗೋಡೆಯ ಬಿರುಕು ಎಣಿಸಬಹುದು. ಇರುವ ಆಸ್ತಿಗೆ ಇಷ್ಟೇ ಗತಿ.

ಬೆಂಗಳೂರು ಈ ತಪ್ಪನ್ನು ಮಾಡಲಿಲ್ಲ. ಇಲ್ಲಿ ಸರ್ಕಾರ ಹಂಚಿ, ಆಮೇಲೆ ರದ್ದು ಮಾಡಿದ ಸೈಟು ಎಂಬ ಅಪೂರ್ವ ಆಸ್ತಿಯನ್ನು ಕಂಡುಹಿಡಿಯಲಾಗಿದೆ. ಅದಕ್ಕೆ ಕಾಂಪೌಂಡ್ ಬೇಡ, ಕಳೆ ಕೀಳುವುದು ಬೇಡ, ಪಕ್ಕದ ಮನೆಯವರು ಅರ್ಧ ಅಡಿ ಒತ್ತುವರಿ ಮಾಡಿದರೆಂಬ ಜಗಳವಿಲ್ಲ. ಒತ್ತುವರಿ ಮಾಡಲು ಮೊದಲು ಸೈಟು ಇರಬೇಕಲ್ಲ. ವಾಸ್ತುದೋಷವೂ ಅದರ ಹತ್ತಿರ ಸುಳಿಯದು.

ಈ ಪರಂಪರೆಯ ಮುಕುಟಮಣಿ ಅರ್ಕಾವತಿ ಬಡಾವಣೆ. 2003ರ ಫೆಬ್ರವರಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಮೊದಲಾದ 16 ಹಳ್ಳಿಗಳ 3,339 ಎಕರೆ 12 ಗುಂಟೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷದ ಅಂತಿಮ ಅಧಿಸೂಚನೆಯ ಹೊತ್ತಿಗೆ ಅದು 2,750 ಎಕರೆಗೆ ಇಳಿಯಿತು. 2005ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಭೂಸ್ವಾಧೀನವನ್ನೇ ರದ್ದು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ವಿಭಾಗೀಯ ಪೀಠ ಷರತ್ತು ಹಾಕಿ ಬದುಕಿಸಿತು. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತುಗಳನ್ನು ತಿದ್ದಿ, ಪಕ್ಕದವರ ಜಮೀನು ಬಿಟ್ಟಿರುವಾಗ ನಮ್ಮದನ್ನೇಕೆ ಬಿಡಲಿಲ್ಲ ಎಂದು ರೈತರು ಕೇಳಲು ದಾರಿ ಮಾಡಿಕೊಟ್ಟಿತು. ಈ ಗದ್ದಲದ ನಡುವೆಯೇ ಎಂಟು ಸಾವಿರಕ್ಕೂ ಹೆಚ್ಚು ಮಂದಿಗೆ ಸೈಟು ಹಂಚಿಕೆಯಾಗಿತ್ತು. ಅವರು ಸಾಲ ಎತ್ತಿ, ಪಿಎಫ್ ತೆಗೆದು, ಮಗಳ ಒಡವೆ ಅಡವಿಟ್ಟು ಹಣ ಕಟ್ಟಿದರು. ಆಮೇಲೆ ಜಮೀನು ಬಿಡುವ ಕೆಲಸ ಎಷ್ಟು ಹುರುಪಿನಿಂದ ಸಾಗಿತೆಂದರೆ, ‘ರೀಡೂ’, ಅಂದರೆ ಯೋಜನೆಯನ್ನೇ ಮತ್ತೊಮ್ಮೆ ಮಾಡುವುದು, ಎಂಬ ಮಾತು ಶಾಸಕರ ಬಾಯಲ್ಲಿ ಮನೆಮಾತಾಯಿತು. 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನೇ ಕೂರಿಸಬೇಕಾಯಿತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿ ಎಂದೋ ಬತ್ತಿದೆ. ಅದರ ಹೆಸರಿನ ವ್ಯಾಜ್ಯ ಬೇಸಿಗೆಯಲ್ಲೂ ತುಂಬಿ ಹರಿಯುತ್ತದೆ. ನದಿ ಪುನಶ್ಚೇತನ ಎಂದರೆ ಇದಲ್ಲದೆ ಮತ್ತೇನು?

ಆ ನೆಲದ ಪಹಣಿಯಲ್ಲಿ ರೈತನ ಹೆಸರು, ಲೀಸ್ ಕಮ್ ಸೇಲ್ ಅಗ್ರಿಮೆಂಟಿನಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟರ ಹೆಸರು, ನಕ್ಷೆಯಲ್ಲಿ ಬಿಡಿಎ ಹೆಸರು. ಅರಸು ಕಾಲದ ಭೂಸುಧಾರಣೆ ಉಳುವವನನ್ನು ಮಾತ್ರ ನೆಲದೊಡೆಯ ಮಾಡಿತ್ತು. ಈಗ ಅಲೆಯುವವನೇ ನೆಲದೊಡೆಯ. ಎಕರೆಗೆ ಸಿಕ್ಕ ಪರಿಹಾರ ಸಾಲದೆಂದು ರೈತ ಅಲೆಯುತ್ತಾನೆ, ಕಟ್ಟಿದ ಹಣಕ್ಕೆ ನೆಲ ಸಿಗಲಿಲ್ಲವೆಂದು ಮೇಷ್ಟರು ಅಲೆಯುತ್ತಾರೆ. ಒಬ್ಬರ ಎದುರು ಒಬ್ಬರನ್ನು ಪಾರ್ಟಿ ಮಾಡಲಾಗಿದ್ದರೂ ಕೋರ್ಟಿನ ಕಾರಿಡಾರಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತಾರೆ. ಹಳ್ಳಿಗೂ ಪಟ್ಟಣಕ್ಕೂ ಇಷ್ಟು ಗಾಢವಾದ ಸಂಬಂಧವನ್ನು ಬೇರೆ ಯಾವ ಯೋಜನೆ ಬೆಸೆದಿದೆ?

ರದ್ದು ಮಾಡುವ ಕಲೆಯನ್ನು ಹತ್ತಿರದಿಂದ ನೋಡಿದವರಿಗೇ ಅದರ ಸೊಗಸು ತಿಳಿದೀತು. ಪ್ರಾಧಿಕಾರವೊಂದು ಹಂಚಿಕೆ ರದ್ದು ಮಾಡುತ್ತದೆ. ಹಂಚಿಕೆದಾರ ರಿಟ್ ಹಾಕುತ್ತಾನೆ. ನೋಟೀಸು ಕೊಡದೆ, ಅಹವಾಲು ಕೇಳದೆ ರದ್ದು ಮಾಡಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಕೋರ್ಟು ರದ್ದತಿಯನ್ನು ರದ್ದುಪಡಿಸಿ, ಕೇಳಿ ತೀರ್ಮಾನಿಸಿ ಎಂದು ಕಡತವನ್ನು ವಾಪಸು ಕಳಿಸುತ್ತದೆ. ಈಗ ಪ್ರಾಧಿಕಾರ ನೋಟೀಸು ಕೊಡುತ್ತದೆ. ಹಂಚಿಕೆದಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಚಾರಣೆಗೆ ಹೋಗುತ್ತಾನೆ. ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಕೊನೆಗೊಮ್ಮೆ ಐದು ನಿಮಿಷ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ, ಪಾಪ ಎಂದೂ ಅನ್ನುತ್ತಾರೆ. ಬಳಿಕ ಬರುವ ಆದೇಶದಲ್ಲಿ ಹಳೆಯ ಆದೇಶದ ಪ್ರತಿ ಅಕ್ಷರವೂ ಕಾಗುಣಿತ ತಪ್ಪಿನ ಸಮೇತ ಹಾಗೆಯೇ ಇದ್ದು, ‘ಅಹವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ ಹೊಸದಾಗಿ ಸೇರಿರುತ್ತದೆ. ಆ ಒಂದು ಸಾಲಿಗೆ ಕೆಲವರಿಗೆ ಆರು ವರ್ಷ ಹಿಡಿಯುತ್ತದೆ. ಒಂದು ವಾಕ್ಯಕ್ಕಾಗಿ ಇಷ್ಟು ತಪಸ್ಸು ಮಾಡುವ ಸಾಹಿತಿ ಕನ್ನಡದಲ್ಲಿ ಯಾರಿದ್ದಾರೆ ತೋರಿಸಿ.

“ಸಾರ್, ನನ್ನ ಫೈಲು?”

“ಮೇಲೆ ಹೋಗಿದೆ ಯಜಮಾನ್ರೇ.”

“ಯಾವಾಗ ಕೆಳಗೆ ಬರುತ್ತೆ?”

“ನೀವು ಮೇಲೆ ಹೋಗೋದ್ರೊಳಗೆ ಬಂದ್ರೆ ನಿಮ್ಮ ಪುಣ್ಯ.”

ಕೇಸ್ ವರ್ಕರ್ ಇದನ್ನು ಹೇಳುವಾಗ ನಗುವುದಿಲ್ಲ. ಆ ಮೇಜಿನ ಮೇಲೆ ಎಷ್ಟೋ ಜನರ ವಾರಸುದಾರಿಕೆ ಅರ್ಜಿಗಳಿರುತ್ತವೆ.

ಮನೆ ಕಟ್ಟದೆ ಬಿಟ್ಟವರ ಮೇಲೆ ಕ್ರಮವೆಂಬ ನಿಯಮವಂತೂ ದೂರದೃಷ್ಟಿಯ ಪರಮಾವಧಿ. ಹಂಚಿಕೆಯಾದ ಸೈಟಿನಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಮನೆ ಏಳದಿದ್ದರೆ ದಂಡ ಕಟ್ಟಬೇಕು, ಹಂಚಿಕೆಯೇ ರದ್ದಾಗಲೂಬಹುದು. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಲ್ಲಿ ಮೊದಲ ಕಂತಿನ 5,000 ಸೈಟು ಹಂಚಿದರು. ರಸ್ತೆ, ನೀರು, ಕರೆಂಟು, ಒಳಚರಂಡಿಗಾಗಿ ಸೈಟುದಾರರು ವರ್ಷಗಟ್ಟಲೆ ಬೀದಿಗಿಳಿದರು. ಬೀದಿಯೇ ಇಲ್ಲದ ಕಡೆ ಬೀದಿಗಿಳಿಯುವುದು ಸುಲಭದ ಮಾತಲ್ಲ. ಹಿಂದೆ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರೆಂದು ಐತಿಹ್ಯ. ಆತುರಗಾರರು. ಟೆಂಡರು ಕರೆಯದೆ, ಎತ್ತುಗಳ ಬಿಲ್ಲಿಗೆ ಆಡಿಟ್ ಆಕ್ಷೇಪಣೆ ಬರುತ್ತದೆಂಬ ಪರಿವೆಯಿಲ್ಲದೆ ಊರು ಕಟ್ಟಿಬಿಟ್ಟರು.

ಶಿವರಾಮ ಕಾರಂತರ ಹೆಸರಿನ ಬಡಾವಣೆ 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಕಂಡಿತು. ಹೈಕೋರ್ಟಿನಲ್ಲಿ ಸತ್ತು, 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಎದ್ದು ಕೂತಿತು. ಆ ಹತ್ತು ವರ್ಷಗಳಲ್ಲಿ ಜನ ಅಲ್ಲಿ ಮನೆ ಕಟ್ಟಿಕೊಂಡಿದ್ದರಿಂದ, ಯಾವ ಮನೆ ಸಕ್ರಮ ಯಾವುದು ಅಕ್ರಮ ಎಂದು ನೋಡಲು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ಬಂತು. ಮುಖ ನೋಡದೆ ಕಟುವಾಗಿ ಬರೆಯುತ್ತಿದ್ದ ಕಾರಂತರ ಹೆಸರನ್ನು ಈ ಬಡಾವಣೆಗೆ ಇಟ್ಟವರ ಧೈರ್ಯಕ್ಕೆ ನನ್ನ ಪ್ರತ್ಯೇಕ ನಮಸ್ಕಾರ.

ಇನ್ನು ಆದಾಯ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಸೈಟು, ಮನೆ ಕೊಡುವ ಸರ್ಕಾರಿ ಪ್ರಾಧಿಕಾರವೂ ಸೇವೆ ಒದಗಿಸುವಂಥದ್ದೇ, ಹಣ ಕಟ್ಟಿದವನು ಗ್ರಾಹಕನೇ. ಅವನನ್ನು ಪೀಡಿಸಿದ್ದಕ್ಕೆ ಪರಿಹಾರ ಕೊಟ್ಟರೆ ಅದನ್ನು ತಪ್ಪಿತಸ್ಥ ಅಧಿಕಾರಿಯ ಜೇಬಿನಿಂದ ವಸೂಲು ಮಾಡಬೇಕು. ಎಂಥ ಉದಾತ್ತ ತೀರ್ಪು! ಆ ಜೇಬನ್ನು ಹುಡುಕುವುದಷ್ಟೇ ಬಾಕಿ. ಅದು ಆಗಲೇ ಎರಡು ಬಾರಿ ವರ್ಗವಾಗಿ, ಒಮ್ಮೆ ಬಡ್ತಿ ಪಡೆದು, ಈಗ ಪೆನ್ಷನ್ ಇಲಾಖೆಯಲ್ಲಿರುತ್ತದೆ. ಬಡ್ಡಿಯಂತೂ ಬರುತ್ತದೆ. ಕಟ್ಟಿದ ಹಣ ಬಡ್ಡಿಸಮೇತ ಕೈಗೆ ಬಂದ ದಿನ ಅದರಲ್ಲಿ ಅದೇ ಬಡಾವಣೆಯ ಒಂದು ಮೂಲೆ ಸೈಟಿನ ಬೇಲಿಯನ್ನಾದರೂ ಕೊಳ್ಳಬಹುದು.

ಇದೆಲ್ಲ ಸಾಮಾನ್ಯರ ಭಾಗ್ಯ ಮಾತ್ರ ಎಂದು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಹೈದರಾಬಾದಿನಲ್ಲಿ ಸಂಸದರು, ಶಾಸಕರು, ಹಿರಿಯ ಅಧಿಕಾರಿಗಳು, ನ್ಯಾಯಾಧೀಶರು, ಪತ್ರಕರ್ತರು ಇವರ ಹೌಸಿಂಗ್ ಸೊಸೈಟಿಗಳಿಗೆ ಆಂಧ್ರ ಸರ್ಕಾರ ಕಡಿಮೆ ಬೆಲೆಗೆ ಜಮೀನು ಕೊಟ್ಟಿತ್ತು. 2024ರ ನವೆಂಬರ್ 25ರಂದು ಸುಪ್ರೀಂ ಕೋರ್ಟ್ ಅದನ್ನು ಸಮಾನತೆಗೆ ವಿರುದ್ಧವೆಂದು ಅನೂರ್ಜಿತಗೊಳಿಸಿ, ಕಟ್ಟಿದ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಿ ಎಂದಿತು. ಕಾನೂನು ಮಾಡುವವರು, ಜಾರಿ ಮಾಡುವವರು, ವ್ಯಾಖ್ಯಾನಿಸುವವರು, ವರದಿ ಮಾಡುವವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಪಂಕ್ತಿಭೇದವಿಲ್ಲದ ಸಮಾಜ ಕಟ್ಟುವ ಅಂಥ ಸದವಕಾಶವನ್ನು ಕೋರ್ಟು ಯಾಕೆ ಕೆಡಿಸಿತೋ.

ಮೈಸೂರಿನ ವಿಷಯದಲ್ಲಿ ನಾನು ಮೆಚ್ಚುವುದು ವೇಗವನ್ನು. ಕೆಸರೆಯ 3 ಎಕರೆ 16 ಗುಂಟೆಗೆ ಪ್ರತಿಯಾಗಿ ವಿಜಯನಗರದಲ್ಲಿ, 2024ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಪತ್ನಿಗೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಕೊಟ್ಟಿದ್ದ 14 ಸೈಟುಗಳ ಗಲಾಟೆ ಎಲ್ಲರಿಗೂ ಗೊತ್ತಿದೆ. ತಪ್ಪು ಯಾರದು ಎಂಬ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಲೋಕಾಯುಕ್ತ ಪೊಲೀಸರು 2025ರಲ್ಲಿ ಸಾಕ್ಷ್ಯವಿಲ್ಲವೆಂದು ವರದಿ ಕೊಟ್ಟಿದ್ದಾರೆ, ನ್ಯಾಯಮೂರ್ತಿ ದೇಸಾಯಿ ಆಯೋಗವೂ ಕುಟುಂಬವನ್ನು ದೋಷಮುಕ್ತವೆಂದಿದೆ. ನನ್ನ ಗಮನ ತಾರೀಖಿನ ಮೇಲೆ. ಸೈಟು ವಾಪಸು ಕೊಡುತ್ತೇವೆಂಬ ಪತ್ರ 2024ರ ಸೆಪ್ಟೆಂಬರ್ 30ರದು. ಮರುದಿನದ ಹೊತ್ತಿಗೆ ಕ್ರಯಪತ್ರಗಳ ರದ್ದತಿಯೂ ಮುಗಿದಿತ್ತು. ಸರ್ವರ್ ಡೌನ್ ಆಗಲಿಲ್ಲ, ಸಾಹೇಬರು ಮೀಟಿಂಗಿಗೆ ಹೋಗಲಿಲ್ಲ, ಕಡತ ಮೇಲೂ ಕೆಳಗೂ ಓಡಾಡಿ ಒಂದೇ ದಿನಕ್ಕೆ ದಡ ಸೇರಿತು. ಸರ್ಕಾರಿ ಕಚೇರಿ ನಿಧಾನವೆಂದು ಗೊಣಗುವವರು ಈ ಒಂದು ಉದಾಹರಣೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು. ಗೋಡೆ ಇದ್ದವರು.

ಗೋಡೆ ಇಲ್ಲದವರಿಗೂ ಅನುಕೂಲ ಕಡಿಮೆಯೇನಲ್ಲ. ಬಿಡಿಎ ನಿಯಮದ ಪ್ರಕಾರ ಸೈಟು ಕೇಳುವವರಿಗೆ, ಅವರ ಗಂಡ ಅಥವಾ ಹೆಂಡತಿಗೆ ಬೆಂಗಳೂರಿನಲ್ಲಿ ಮನೆಯಾಗಲಿ ಸೈಟಾಗಲಿ ಇರಬಾರದು. ಸರ್ಕಾರದ ವಿವೇಚನೆಗೆ ಬಿಟ್ಟ ‘ಜಿ’ ಪ್ರವರ್ಗದಲ್ಲಿ ಬಿಡಿ ನಿವೇಶನ ಪಡೆದ ಕೆಲವು ಜನಪ್ರತಿನಿಧಿಗಳು ಇದರ ಬಗ್ಗೆ ಕೊಟ್ಟ ಪ್ರಮಾಣಪತ್ರ ಸುಳ್ಳೆಂದು 2010ರ ಸುಮಾರಿಗೆ ದೊಡ್ಡ ರಂಪವಾಗಿತ್ತು. ರದ್ದಾದವರಿಗೆ ಆ ಮುಜುಗರವಿಲ್ಲ. ನೋಟರಿಯ ಮುಂದೆ ‘ಇಲ್ಲ’ ಎಂದು ಬರೆಯುವಾಗ ಅವರ ಕೈ ನಡುಗದು. ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಹೋಗಿದೆ ಎಂಬುದನ್ನೂ ಹಂಚಿಕೆಯಲ್ಲಿ ಪರಿಗಣಿಸುತ್ತಾರೆ, ವಯಸ್ಸನ್ನೂ ಪರಿಗಣಿಸುತ್ತಾರೆ. ಇವೆರಡನ್ನೂ ಪ್ರಾಧಿಕಾರವೇ ಅವರಿಗೆ ಧಾರಾಳವಾಗಿ ಸಂಪಾದಿಸಿ ಕೊಟ್ಟಿರುತ್ತದೆ. ಮುಂದಿನ ಬಡಾವಣೆಯ ಪ್ರಕಟಣೆ ಬಂದ ಕೂಡಲೇ ಧೈರ್ಯವಾಗಿ ಅರ್ಜಿ ಹಾಕಿ. ಆರಂಭಿಕ ಠೇವಣಿಯ ಚಲನ್ ಮಾತ್ರ ಮೂರು ಪ್ರತಿ ಮಾಡಿಸಿಕೊಳ್ಳಿ: ಬ್ಯಾಂಕಿಗೊಂದು, ಪ್ರಾಧಿಕಾರಕ್ಕೊಂದು, ವಕೀಲರಿಗೊಂದು.