ಕೋಲಾರದವರ ನೌಕಾಯೋಗ್ಯತೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆಯಲ್ಲ ಎನ್ನುವವರು ಭೂಪಟ ನೋಡಿದವರು, ಪಾಲಾರ್ ನೋಡಿದವರಲ್ಲ. ನಮ್ಮ ಕಡೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಗುಂಡಿ ಒತ್ತಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ಯೋಜನೆಯ ಅಂದಾಜು ವೆಚ್ಚವಂತೂ ಯಾವ ಪಂಪಿನ ಹಂಗೂ ಇಲ್ಲದೆ 23 ಸಾವಿರ ಕೋಟಿಯ ಎತ್ತರಕ್ಕೆ ಏರಿ ಕೂತಿದೆ. ನೀರು ನಮ್ಮ ಬಳಿ ಬರುವುದು ಇಷ್ಟು ತಡವಾಗುವುದಾದರೆ ನಾವೇ ನೀರಿನ ಬಳಿ ಹೋಗಿಬರುವುದರಲ್ಲಿ ತಪ್ಪೇನು? ಆದರೂ ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಒಂದು ಸಂಸಾರ ‘ಈ ಸಲ ಊಟಿ ಬೇಡ, ಹಡಗಿನಲ್ಲಿ ಕ್ರೂಸ್ ಹೋಗೋಣ’ ಎಂದರೆ ಇಡೀ ಬೀದಿ ನಗುತ್ತದೆ. ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಸಮುದ್ರ ಯಾಕೆ ಎಂಬುದು ನಗುವವರ ವಾದ. ನನ್ನ ವಾದ ಇದಕ್ಕೆ ನೇರ ವಿರುದ್ಧ. ಪ್ರವಾಸದ ಹಡಗಿಗೆ ಹೇಳಿ ಮಾಡಿಸಿದ ಪ್ರಯಾಣಿಕ ಯಾರಾದರೂ ಇದ್ದರೆ ಅವನು ಕರಾವಳಿಯವನಲ್ಲ, ಕೋಲಾರದವನು. ಇದನ್ನು ನಾನು ಅಭಿಮಾನದಿಂದ ಹೇಳುತ್ತಿಲ್ಲ, ಸಾಕ್ಷ್ಯದ ಮೇಲೆ ಹೇಳುತ್ತಿದ್ದೇನೆ.

ಮೊದಲ ಸಾಕ್ಷ್ಯ ನೀರಿನದೇ. ಹಡಗಿನಷ್ಟು ಬರಪೀಡಿತವಾದ ಜಾಗ ಲೋಕದಲ್ಲಿ ಇನ್ನೊಂದಿಲ್ಲ. ನಾಲ್ಕು ದಿಕ್ಕಿಗೂ ನೀರು, ಒಂದು ಲೋಟ ಕುಡಿಯುವಂತಿಲ್ಲ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆದ್ದರಿಂದ ಹಡಗು ತನ್ನ ನೀರನ್ನು ತಾನೇ ತಯಾರಿಸಿಕೊಳ್ಳಬೇಕು. ಎಂಜಿನ್ನಿನ ಬಿಸಿಯಿಂದ ಸಮುದ್ರದ ನೀರನ್ನು ಆವಿ ಮಾಡಿ ತಣಿಸುವುದು ಒಂದು ದಾರಿ; ಒತ್ತಡ ಕೊಟ್ಟು ಪೊರೆಯಲ್ಲಿ ಸೋಸುವ ಆರ್‌ಓ ಇನ್ನೊಂದು. ಇದನ್ನು ಕರಾವಳಿಯವನಿಗೆ ವಿವರಿಸಿ ಹೇಳಬೇಕು. ಮುಳಬಾಗಿಲು ತಾಲ್ಲೂಕಿನ ಹಳ್ಳಿಯ ಹುಡುಗನಿಗೆ ಬೇಕಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರಿಗೆ ಹೆದರಿ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಬರುವ ಅವನಿಗೆ ಆರ್‌ಓ ಎನ್ನುವುದು ಮನೆಯ ಇನ್ನೊಬ್ಬ ಸದಸ್ಯ. ಇನ್ನು ಬಳಸಿದ ನೀರಿನ ಕಥೆ. ಹಡಗಿನಲ್ಲಿ ಸಾವಿರಾರು ಜನ ಸ್ನಾನ ಮಾಡಿ ಬಿಟ್ಟ ನೀರು, ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಬೇರೆ ಊರಿನವರು ಮೂಗು ಮುಚ್ಚಿಕೊಂಡು ಕೇಳುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಕೊಳಚೆಯನ್ನು ಪುಡಿಮಾಡಿ ಸೋಂಕು ತೆಗೆದಿದ್ದರೆ ದಡದಿಂದ 3 ನಾಟಿಕಲ್ ಮೈಲಿ, ಹಾಗೇ ಬಿಡುವುದಾದರೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಹೋಗಬೇಕು. ಬೆಂಗಳೂರು ಇದಕ್ಕಿಂತ ಹೆಚ್ಚು ಸಂಕೋಚದ ಊರು: ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಸಂಸ್ಕರಿಸಿದ ತನ್ನ ಬಚ್ಚಲ ನೀರನ್ನು ಐವತ್ತು ಕಿಲೋಮೀಟರಿಗೂ ಆಚೆ, ನಮ್ಮ ಕೆರೆಗಳಿಗೆ ಕಳಿಸುತ್ತದೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಆ ನೀರು ಮುಂದಿನ ತಿಂಗಳೇ ಬಿಳಿ ನೊರೆ ಕಾರಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬ ಲೆಕ್ಕದ ಆ ಯೋಜನೆಯಿಂದ ಅಂತರ್ಜಲ ಏರಿತು ಎಂದು ಸಂತೋಷಪಡುವವರೂ, ಮೂರನೇ ಹಂತದ ಸಂಸ್ಕರಣೆ ಎಲ್ಲಿ ಎಂದು ಕೇಳುವವರೂ ಒಂದೇ ಟೀ ಅಂಗಡಿಯಲ್ಲಿ ಕೂತು ವಾದಿಸುತ್ತಾರೆ. ಇಂಥ ಜನ ಹಡಗಿನ ಬಚ್ಚಲು ನೋಡಿ ಬೆಚ್ಚುತ್ತಾರೆಯೇ? ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ದಿನವೂ ಯೋಚಿಸುವ ಪ್ರಯಾಣಿಕನೇ ಹಡಗಿಗೆ ಬೇಕಾದವನು.

ಕೋಲಾರಕ್ಕೂ ಸಮುದ್ರಕ್ಕೂ ಸಂಬಂಧವೇ ಇಲ್ಲ ಎನ್ನುವ ಆಕ್ಷೇಪಕ್ಕೆ ಕಲ್ಲಿನಲ್ಲೇ ಉತ್ತರವಿದೆ. ಕೋಲಾರಮ್ಮನ ಗುಡಿಯಲ್ಲಿ ಒಂದನೆಯ ರಾಜೇಂದ್ರ ಚೋಳನ ಕಾಲದ ಶಾಸನಗಳಿವೆ. 1025ರ ಸುಮಾರಿಗೆ ಬಂಗಾಳ ಕೊಲ್ಲಿಯನ್ನು ದಾಟಿಸಿ ಶ್ರೀವಿಜಯದ ಮೇಲೆ ನೌಕಾಪಡೆ ಕಳಿಸಿದ ದೊರೆ ಆತನೇ. ಆಗ ಈ ಸೀಮೆ ಅವನ ರಾಜ್ಯದ ಭಾಗ. ಇತ್ತೀಚಿನ ಸಾಕ್ಷ್ಯ ಬೇಕೆಂದರೆ ಕೆಜಿಎಫ್ ಇದೆ: ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರು ಹಡಗಿನಲ್ಲಿ ಬಂದರು, ನಮ್ಮ ಚಿನ್ನ ಹಡಗಿನಲ್ಲಿ ಹೋಯಿತು, ಜಿಲ್ಲೆಯ ಪಾಲಿಗೆ ಉಳಿದದ್ದು ಸೈನೈಡ್ ದಿಬ್ಬ. ಇದೇ ಗಣಿಯಿಂದ ಪ್ರವಾಸದ ಮೊದಲ ಪ್ರಾಯೋಗಿಕ ಪ್ರಶ್ನೆಗೂ ಉತ್ತರ ಸಿಗುತ್ತದೆ. ಹಡಗಿನ ಕೋಣೆಗಳಲ್ಲಿ ಕಿಟಕಿಯೇ ಇಲ್ಲದ ಒಳಗಿನ ಕೋಣೆ ಎಲ್ಲಕ್ಕಿಂತ ಅಗ್ಗ, ಸಮುದ್ರ ಕಾಣುವ ಕಿಟಕಿಯದ್ದು ಅದಕ್ಕಿಂತ ದುಬಾರಿ, ಬಾಲ್ಕನಿಯದ್ದು ಇನ್ನೂ ದುಬಾರಿ. ಒಳಕೋಣೆಯಲ್ಲಿ ಉಸಿರು ಕಟ್ಟುವುದಿಲ್ಲವೇ ಎಂದು ಬೆಂಗಳೂರಿನವರು ಚಿಂತಿಸಲಿ. 2001ರಲ್ಲಿ ಮುಚ್ಚುವವರೆಗೂ ಪಂಜರದಲ್ಲಿ ನಿಂತು ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿದ್ದ ಚಾಂಪಿಯನ್ ರೀಫ್ ಗಣಿಯ ಜಿಲ್ಲೆಯವರು ಕಿಟಕಿ ಇಲ್ಲ ಎಂದು ಕೊರಗುವುದು ನಾಚಿಕೆಗೇಡು. ಮಲಗುವುದಕ್ಕೆ ಮಾತ್ರ ಕೋಣೆ, ಸಮುದ್ರ ನೋಡಲು ಮೇಲಿನ ಡೆಕ್ ಪುಕ್ಕಟೆ. ಉಳಿದ ದುಡ್ಡಿನಲ್ಲಿ ಅಜ್ಜಿಗೆ ಲಿಫ್ಟಿನ ಹತ್ತಿರದ ಕೋಣೆ ಕೇಳಬೇಕು. ಹಡಗಿನ ಉದ್ದ ಅರಿಯದವರಿಗೆ ಊಟದ ಹಾಲಿಗೂ ಕೋಣೆಗೂ ಆಟೋ ಹುಡುಕುವ ಪರಿಸ್ಥಿತಿ ಬರುತ್ತದೆ. ಗಾಲಿಕುರ್ಚಿ ಬೇಕಾದರೆ ಟಿಕೆಟ್ ಮಾಡುವಾಗಲೇ ಹೇಳಬೇಕು. ಬಚ್ಚಲಿಗೆ ಹೊಸಿಲು ಇರುತ್ತದೆ, ಎಡವುವ ಎತ್ತರದ್ದು.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಶಾಸ್ತ್ರ ಈಗ ಅಮೆರಿಕದಲ್ಲಿ ಮಗ ಇಲ್ಲದ ಮನೆಯಲ್ಲಷ್ಟೇ ಚಾಲ್ತಿಯಲ್ಲಿದೆ, ಅದನ್ನು ಬಿಡೋಣ. ಚುನಾವಣಾ ಪ್ರಚಾರಕ್ಕೇ ಕುರುಡುಮಲೆ ಗಣಪತಿಯ ಅಪ್ಪಣೆ ಪಡೆದು ಹೊರಡುವ ಸಂಪ್ರದಾಯ ರಾಜಕಾರಣಿಗಳಿಗಿದೆ, ಸಂಸಾರ ಸಮೇತ ಹೊರಟವರಿಗೆ ಆತ ಇಲ್ಲ ಎನ್ನುತ್ತಾನೆಯೇ? ಗಟ್ಟಿ ಆಕ್ಷೇಪ ಇರುವುದು ಈಜಿನ ವಿಷಯದಲ್ಲಿ. ‘ನಮಗೆ ಈಜು ಬರಲ್ಲ, ಏನಾದ್ರೂ ಆದ್ರೆ?’ ಎನ್ನುತ್ತಾರೆ. ನಡುಸಮುದ್ರದಲ್ಲಿ ಏನಾದರೂ ಆದರೆ ಈಜು ಬಲ್ಲವನೂ ಚೆನ್ನೈವರೆಗೆ ಈಜುವುದಿಲ್ಲ. ಕಾಯುವುದು ಲೈಫ್ ಜಾಕೆಟ್ಟು, ದೋಣಿ, ಮತ್ತು ಯಾವ ಜಾಗದಲ್ಲಿ ಸೇರಬೇಕೆಂಬ ತಿಳಿವಳಿಕೆ. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಸುರಕ್ಷಾ ಕವಾಯತನ್ನು ಮರುದಿನಕ್ಕೆ ಇಟ್ಟಿದ್ದರು. ಅದಾದ ಮೇಲೆ ನಿಯಮ ಬದಲಾಗಿ, 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಕವಾಯತು ಕಡ್ಡಾಯ. ಆ ಹೊತ್ತಿನಲ್ಲಿ ನಮ್ಮವರು ತಿಂಡಿ ಕೌಂಟರಿನ ಸಾಲಿನಲ್ಲಿ ನಿಂತಿರುವ ಸಂಭವ ಹೆಚ್ಚು. ಮನೆಯ ಹಿರಿಯರೊಬ್ಬರು ಗದರಿಸಿ ಕರೆದೊಯ್ಯಬೇಕು. ವಾಂತಿಯ ಭಯಕ್ಕೂ ನಮ್ಮಲ್ಲಿ ಪೂರ್ವಾನುಭವವಿದೆ: ತಿರುಮಲೆ ಬೆಟ್ಟದ ಬಸ್ಸಿನಲ್ಲಿ ನಿಂಬೆಹಣ್ಣು ಮೂಸಿಕೊಂಡು ಕೂತವರೇ ಎಲ್ಲರೂ. ಒಳಗಿವಿ ‘ಅಲುಗಾಡುತ್ತಿದೆ’ ಎಂದೂ ಕಣ್ಣು ‘ಇಲ್ಲ’ ಎಂದೂ ಜಗಳವಾಡುವುದೇ ಆ ಸಂಕಟದ ಕಾರಣ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ. ಡೆಕ್ಕಿಗೆ ಹೋಗಿ ದೂರದ ದಿಗಂತ ನೋಡುವುದು, ಒಂದು ಚೂರು ಶುಂಠಿ, ಇವು ಸಹಾಯ ಮಾಡುತ್ತವೆ. ಮಾತ್ರೆಯನ್ನು ಡಾಕ್ಟರನ್ನು ಕೇಳಿ ತಂದು, ತಲೆ ತಿರುಗುವ ಮುಂಚೆ ನುಂಗಬೇಕು. ತಿರುಗಿದ ಮೇಲೆ ನುಂಗಿದ್ದು ಸಮುದ್ರರಾಜನಿಗೆ ನೈವೇದ್ಯ.

ಇನ್ನು ಊಟ. ‘ಅಲ್ಲಿ ಮುದ್ದೆ ಸಿಗ್ತದಾ?’ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಸಿಗುತ್ತದೆಂದು ನಂಬಿ ಹೋಗಬಾರದು. ಭಾರತದಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರ, ಜೈನರ ಊಟ, ಇಡ್ಲಿ–ಸಾಂಬಾರಿಗೆ ಕೊರತೆಯಿಲ್ಲ. ಆದರೆ ಹಿತಕಿದ ಬೇಳೆ ಸಾರು ಕೇಳಿದರೆ ಗೋವಾದ ಹುಡುಗ ನಗುಮುಖದಿಂದ ಪಾಸ್ತಾ ತಂದಿಡುತ್ತಾನೆ. ಹಾಗಾದರೆ ನಾವೇ ಹಿಟ್ಟು ಕಟ್ಟಿಕೊಂಡು ಹೋದರೆ? ಇಲ್ಲಿ ಪ್ರವಾಸವೇ ಮುರಿದು ಬೀಳುವ ಅಪಾಯವಿದೆ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಆದ್ದರಿಂದ ಇಂಡಕ್ಷನ್ ಒಲೆ, ಕೆಟಲ್, ಇಸ್ತ್ರಿ ಪೆಟ್ಟಿಗೆ, ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ ಎಲ್ಲವೂ ಬಾಗಿಲಲ್ಲೇ ಜಪ್ತಿ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಬಹುತೇಕ ಕಂಪನಿಗಳು ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲು ಇರುವ ಪೊಟ್ಟಣ, ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಉಪ್ಪಿನಕಾಯಿಯ ಭರಣಿಯ ಬದಲು ಪ್ಯಾಕೆಟ್ಟು ಒಯ್ಯುವುದು ನಮ್ಮ ಅತ್ತೆ–ಸೊಸೆಯರು ಒಮ್ಮತದಿಂದ ಒಪ್ಪಬೇಕಾದ ಐತಿಹಾಸಿಕ ರಾಜಿ. ದೀಪ ಹಚ್ಚದೆ ಪೂಜೆ ಹೇಗೆಂದರೆ, ಮಾಲೂರಿನ ಗುಲಾಬಿ ಒಂದು ಹಿಡಿ ಸಾಕು, ಅದಕ್ಕೆ ಬೆಂಕಿ ಹತ್ತುವುದಿಲ್ಲ. ಉಳಿದಂತೆ ಹಡಗಿನ ಊಟದ ಮನೆ ಮದುವೆ ಛತ್ರವಿದ್ದ ಹಾಗೆ: ಮೊದಲ ಪಂಕ್ತಿಗೆ ನುಗ್ಗುವ ಕಲೆ, ಮಕ್ಕಳಿಗೆ ಜಾಗ ಹಿಡಿಯುವ ಕರ್ಚೀಫು ವಿದ್ಯೆ ನಮಗೆ ಹುಟ್ಟಿನಿಂದಲೇ ಬಂದಿವೆ. ಒಂದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ನೀರಲ್ಲೇ ಕೈ ತೊಳೆಯಬೇಕು. ನೀರು ಉಳಿಸುವ ನಮ್ಮ ಅಭ್ಯಾಸವನ್ನು ಅಷ್ಟರ ಮಟ್ಟಿಗೆ ಸಡಿಲಿಸಬಹುದು.

‘ದುಡ್ಡು?’ ಎಂದು ಕೇಳುವವರು ಕೋಲಾರದ ಟೊಮ್ಯಾಟೊ ಮಾರುಕಟ್ಟೆಯನ್ನು ಕಂಡವರೇ ಆಗಿರುತ್ತಾರೆ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಅದೇ ಬಾಕ್ಸು ಸಾಗಣೆ ಖರ್ಚೂ ಹುಟ್ಟದೆ ರಸ್ತೆಗೆ ಸುರಿದು ಹೋದ ವರ್ಷಗಳೂ ಇವೆ. ಇಂಥ ಬೆಳೆ ನಂಬಿದವರಿಗೆ ಜಾಹೀರಾತಿನ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ ಎಂಬುದನ್ನು ಯಾರೂ ಕಲಿಸಬೇಕಿಲ್ಲ. ಹಡಗಿನ ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ಒಬ್ಬರದ್ದು. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಭಕ್ಷೀಸು, ದಡದಲ್ಲಿ ಸುತ್ತಾಟ, ವೈಫೈ ಕೂಡುತ್ತವೆ. ‘ಎಲ್ಲಾ ಸೇರಿ ಎಷ್ಟಣ್ಣಾ, ಬಾಯಲ್ಲಿ ಬೇಡ, ಬರೆದು ಕೊಡಿ’ ಎಂದು ಮಂಡಿಯ ದಲ್ಲಾಳಿಯನ್ನು ಕೇಳುವ ದನಿಯಲ್ಲೇ ಏಜೆಂಟನನ್ನೂ ಕೇಳಬೇಕು. ಫೋನಿನ ಬಗ್ಗೆ ಒಂದು ಮಾತು: ದಡ ಮರೆಯಾದ ಮೇಲೆ ಮೊಬೈಲು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಳ್ಳುತ್ತದೆ, ಊರಿನ ಮಾವ ‘ಊಟ ಆಯ್ತಾ?’ ಎಂದು ಕೇಳಿದ್ದರ ಬಿಲ್ಲು ಊಟಕ್ಕಿಂತ ದೊಡ್ಡದಾಗಬಹುದು. ಏರೋಪ್ಲೇನ್ ಮೋಡಿಗೆ ಹಾಕುವುದು ಕ್ಷೇಮ. ಹಡಗಿನ ಡಾಕ್ಟರ ಶುಲ್ಕವೂ ಹಾಗೆಯೇ, ಪ್ರವಾಸ ವಿಮೆ ಮಾಡಿಸದೆ ಅಜ್ಜನನ್ನು ಹತ್ತಿಸಬಾರದು. ಬಿಪಿ–ಶುಗರ್ ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸಿನಲ್ಲಿ ಇಡಬಾರದು. ಅದು ಕೋಣೆ ಸೇರುವಷ್ಟರಲ್ಲಿ ಒಂದು ಹೊತ್ತಿನ ಗುಳಿಗೆ ತಪ್ಪಿರುತ್ತದೆ. ಬಸುರಿಯರನ್ನು 24 ವಾರವಾದ ಮೇಲೆ, ಆರು ತಿಂಗಳೊಳಗಿನ ಕೂಸನ್ನು ಬಹುತೇಕ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ಮುಳಬಾಗಿಲಿನ ಆಂಜನೇಯನನ್ನು ಮಾದರಿಯಾಗಿ ತೆಗೆದುಕೊಳ್ಳುವಂತಿಲ್ಲ; ವೀಸಾ ಇಲ್ಲದೆ ಲಂಕೆಗೆ ಹೋಗಿಬರುವುದು ಆತನಿಗೆ ಮಾತ್ರ ಸಂದಿತು. 2023ರ ಜೂನಿನಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಎಂಪ್ರೆಸ್ ಹಡಗಿನ ಪ್ರವಾಸ ಶುರುವಾಯಿತು. ಅಂಥದ್ದಕ್ಕೆ ಆರು ತಿಂಗಳಾದರೂ ಆಯುಷ್ಯವಿರುವ ಪಾಸ್‌ಪೋರ್ಟು, ಆ ದೇಶದ ಅನುಮತಿ ಬೇಕು. ಸಿಂಗಪುರದಲ್ಲಿ ಹತ್ತಿ ಮಲೇಷ್ಯಾ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುವುದಾದರೆ ಒಂದೇ ಬಾರಿ ಒಳಗೆ ಬಿಡುವ ವೀಸಾ ಸಾಲದು. ದೇಶದೊಳಗಿನ ಸುತ್ತಾಟಕ್ಕೆ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಮಾತ್ರ ನಮ್ಮವರಿಗೂ ಪರವಾನಗಿ ಬೇಕು. ಬಂದರು ಯಾವುದೆಂದರೆ, ಕನ್ನಡಾಭಿಮಾನ ಮಂಗಳೂರು ಎನ್ನುತ್ತದೆ. ಆದರೆ ಪಣಂಬೂರಿಗೆ ಬರುವ ಪ್ರವಾಸಿ ಹಡಗುಗಳು ಹೆಚ್ಚಾಗಿ ವಿದೇಶಿಯರನ್ನು ಹಗಲು ಇಳಿಸಿ, ಮೂಡುಬಿದಿರೆ ತೋರಿಸಿ, ಸಂಜೆಗೆ ಹೊರಡುವಂಥವು. ನಮಗೆ ಚೆನ್ನೈಯೇ ಹತ್ತಿರ, ಸುಮಾರು 270 ಕಿಲೋಮೀಟರ್. ಹತ್ತಿರವೆಂದು ಅದೇ ಬೆಳಿಗ್ಗೆ ಹೊರಡಬಾರದು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಹಿಂದಿನ ದಿನವೇ ಸೇರಬೇಕು, ಏಕೆಂದರೆ ಕೈ ಅಡ್ಡ ಹಿಡಿದರೆ ನಿಲ್ಲುವ ಶ್ರೀನಿವಾಸಪುರದ ಖಾಸಗಿ ಬಸ್ಸಿನ ಔದಾರ್ಯ ಹಡಗಿಗಿಲ್ಲ.

ಇಷ್ಟೆಲ್ಲ ಒಪ್ಪಿದ ಮೇಲೂ ಯಾವ ತಿಂಗಳು ಎಂಬ ಪ್ರಶ್ನೆ ಉಳಿಯುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ. ಮುಂಗಾರಿನಲ್ಲಿ ಪಶ್ಚಿಮದ ಸಮುದ್ರ ಕೆರಳುವುದರಿಂದ ಮುಂಬಯಿಯ ಹಡಗು ಚೆನ್ನೈ ಕಡೆಗೆ ಬಂದದ್ದುಂಟು. ಆದರೆ ಜೂನೆಂದರೆ ಶ್ರೀನಿವಾಸಪುರದ ಮಾವು ಮಂಡಿಯಲ್ಲಿ ಕೂತಿರುವ ಕಾಲ. ತೋತಾಪುರಿ ಬಿಟ್ಟು ತೇಲಲು ಹೋಗುವ ರೈತನಿಗೆ ಹೆಂಡತಿಯೇ ಅಪ್ಪಣೆ ಕೊಡಲಾರಳು. ಏಪ್ರಿಲಿನಲ್ಲಿ ಮಕ್ಕಳಿಗೆ ರಜೆ, ಆಗ ಎಲ್ಲರಿಗೂ ರಜೆ, ಆದ್ದರಿಂದ ದರವೂ ಏರು. ನನ್ನ ಮತ ಫೆಬ್ರವರಿಗೆ, ಪರೀಕ್ಷೆಗೆ ಇನ್ನೂ ಹೊತ್ತಿರುವಾಗ, ಒಂದು ವಾರಾಂತ್ಯಕ್ಕೆ. ಆಗ ಚೆನ್ನೈನಲ್ಲಿ ಹಡಗಿಲ್ಲದಿದ್ದರೆ ಮುಂಬಯಿಗೆ ರೈಲು ಹತ್ತಬೇಕಾದೀತು. ಇದಕ್ಕೆ ಬರುವ ಕೊನೆಯ ಆಕ್ಷೇಪ ಹಡಗಿನದ್ದೂ ಅಲ್ಲ, ಹಣದ್ದೂ ಅಲ್ಲ: ‘ಅದೆಲ್ಲಾ ಸರಿ, ಹಸು ಹಾಲು ಕರೆಯೋರು ಯಾರು?’ ಡೇರಿಗೆ ದಿನಕ್ಕೆರಡು ಹೊತ್ತು ಹಾಲು ಹಾಕಬೇಕಾದ ಮನೆಗೆ ಲೋಕದ ಯಾವ ಕ್ರೂಸ್ ಕಂಪನಿಯ ಪ್ರಶ್ನೋತ್ತರ ಪುಟದಲ್ಲೂ ಇದಕ್ಕೆ ಉತ್ತರ ಸಿಗದು. ಪಕ್ಕದ ಮನೆಯವರನ್ನೇ ಒಪ್ಪಿಸಬೇಕು, ಮುಂದಿನ ವರ್ಷ ಅವರು ಹಡಗು ಹತ್ತಿದಾಗ ಅವರ ಹಸುವಿನ ಜವಾಬ್ದಾರಿ ನಮ್ಮದು ಎಂಬ ಕರಾರಿನ ಮೇಲೆ. ಎರಡು ರಾತ್ರಿಗಿಂತ ಹೆಚ್ಚಿನ ಟಿಕೆಟ್ ಮಾಡಿಸುವ ಮುಂಚೆ ಹಸುವಿನ ಸ್ವಭಾವವನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೆಲವು ಹಸುಗಳು ಹೊಸ ಕೈಗೆ ಒದೆಯುತ್ತವೆ.