ಸವಳಂಗ ಸಿದ್ಧಾಂತ ಅಥವಾ ಆಂಗ್ಲಪದಮೂಲ ಮೀಮಾಂಸೆ

ವಿಷಯ

ಇಂಗ್ಲಿಷಿನ ಹಳೆಯ, ಅಪರೂಪದ, ಇಂಗ್ಲೆಂಡಿನವರೇ ಮರೆತು ಕೂತಿರುವ ಪದಗಳೆಲ್ಲ ಹುಟ್ಟಿದ್ದು ಸವಳಂಗದಲ್ಲಿ. ಇದು ಈ ಪ್ರಬಂಧದ ಪ್ರತಿಜ್ಞೆ. ಪ್ರತಿಜ್ಞೆ ಮೊದಲು, ಪುರಾವೆ ಆಮೇಲೆ ಎಂಬುದು ನಮ್ಮ ಕಡೆಯ ಪದಮೂಲಶಾಸ್ತ್ರದ ಸಂಪ್ರದಾಯ. ಅದನ್ನು ಮುರಿಯುವ ಉದ್ಧಟತನ ನಮಗಿಲ್ಲ.

ತಿಳಿಯದವರಿಗಾಗಿ: ಸವಳಂಗ ಇರುವುದು ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ. ಹಿಂದೆ ಅದು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿಯ ಜೊತೆಗೇ ಅತ್ತ ಹೋಯಿತು. ಮುಂದೆ ನ್ಯಾಮತಿಯೇ ತಾಲ್ಲೂಕಾದಾಗ ಅದಕ್ಕೆ ಸೇರಿತು. ಕೂತ ಜಾಗದಿಂದ ಒಂದಂಗುಲ ಅಲುಗದೆ ಊರು ಜಿಲ್ಲೆಯನ್ನೂ ತಾಲ್ಲೂಕನ್ನೂ ಬದಲಿಸಿದೆ. ಅಂಥ ಊರಿನ ನಾಲ್ಕು ಪದ ಭಾಷೆ ಬದಲಿಸಿ ಲಂಡನ್ನಿನಲ್ಲಿ ಪತ್ತೆಯಾದರೆ ಅದರಲ್ಲಿ ಸೋಜಿಗವೇನು?

ಊರಿನ ಹೆಸರೇ ಮೊದಲ ಶಾಸನ. ‘ಸೇವ್ ಲ್ಯಾಂಗ್ವೇಜ್’ ಎಂಬುದನ್ನು ಓಡುವ ಬಸ್ಸಿನ ಕಿಟಕಿಯಿಂದ ಕೂಗಿ ನೋಡಿ. ‘ಸೇವ್ ಲ್ಯಾಂಗ್’ ಎಂದಷ್ಟೇ ಕೇಳುತ್ತದೆ. ಭಾಷೆಯನ್ನು ಉಳಿಸಿದ ಊರು ಎಂದು ಹೆಸರೇ ಸಾರುತ್ತಿರುವಾಗ ಬೇರೆ ಸಾಕ್ಷಿ ಯಾಕೆ? ಸವಳು ಎಂದರೆ ಉಪ್ಪುನೆಲ, ಹೆಸರು ಅದರಿಂದ ಬಂದಿರಬೇಕು ಎಂದು ಯಾರಾದರೂ ಅಡ್ಡಮಾತಾಡಿದರೆ ಅವರಿಗೂ ಉತ್ತರ ಸಿದ್ಧವಿದೆ. ಇಂಗ್ಲಿಷಿನ ‘ಸ್ಯಾಲರಿ’ ಲ್ಯಾಟಿನ್ನಿನ ‘ಸಲಾರಿಯಂ’ನಿಂದ ಬಂದಿದೆ, ಅದರೊಳಗಿರುವ ‘ಸಲ್’ ಎಂದರೆ ಉಪ್ಪು. ಸವಳು, ಸವಳರಿ, ಸ್ಯಾಲರಿ. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎಂದು ನಾವು ಹೇಳುತ್ತ ಬಂದಿರುವುದು ಸಂಬಳ ಕೊಟ್ಟವನನ್ನು ನೆನೆದೇ ತಾನೇ?

ಸೂತ್ರಗಳು

ಒಂದು: ಸ್ವರಕ್ಕೆ ಬೆಲೆಯಿಲ್ಲ, ವ್ಯಂಜನಕ್ಕೆ ಅಷ್ಟಕ್ಕಷ್ಟೆ. ಈ ಮಾತನ್ನು ಫ್ರಾನ್ಸಿನ ವಾಲ್ಟೇರ್ ಪದಮೂಲಕಾರರನ್ನು ಗೇಲಿ ಮಾಡಲು ಹೇಳಿದ ಎಂದು ಪ್ರತೀತಿ. ಆದರೆ ಅವನ ಬರಹದಲ್ಲಿ ಅದು ಸಿಕ್ಕಿಲ್ಲ. ಅವನದಲ್ಲ ಎಂದ ಮೇಲೆ ನಮ್ಮದೇ.

ಎರಡು: ಅರ್ಥ ಕೂಡಿಬಂದರೆ ಅದು ಪುರಾವೆ. ಕೂಡಿಬರದಿದ್ದರೆ ಅದು ಅರ್ಥಾಂತರ. ಇನ್ನೂ ದೊಡ್ಡ ಪುರಾವೆ.

ಮೂರು: ಇಸವಿ ಅಡ್ಡಬಂದರೆ ‘ಪ್ರಾಚೀನ ಕಾಲದಲ್ಲಿ’ ಎಂದು ಬರೆದು ಮುಂದಕ್ಕೆ ಹೋಗತಕ್ಕದ್ದು.

ನಾಲ್ಕು: ಒಪ್ಪದವನು ಮೆಕಾಲೆಯ ಮೊಮ್ಮಗ.

ಪೂರ್ವಸೂರಿಗಳಿಲ್ಲದೆ ನಾವು ಈ ಕೆಲಸಕ್ಕೆ ಕೈಹಾಕಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ಸಿನ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ದಡದ ಜನ ಅರ್ಥವಾಗದ ಮಾತಾಡುತ್ತಾರೆ. ಅದು ಕನ್ನಡವಿರಬೇಕೆಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನುಹತ್ತಿದರು. ಹೌದು, ಅಲ್ಲ ಎಂಬ ವಾದ ಇನ್ನೂ ಮುಗಿದಿಲ್ಲ. ಆ ಹಿರಿಯರು ಒಂದೊಂದು ಅಕ್ಷರಕ್ಕೂ ಅಳುಕುತ್ತ ಹೆಜ್ಜೆಯಿಟ್ಟರು. ನಾವು ಅಳುಕನ್ನು ಕೈಬಿಟ್ಟು ಶಾಸ್ತ್ರವನ್ನು ಮುಂದಕ್ಕೆ ಒಯ್ದಿದ್ದೇವೆ.

ಪ್ರಮಾಣಗಳು

ಪ್ರಥಮ ಪ್ರಮಾಣ: ಗಾಂಗೂಜ್ಲರ್. ಇಂಗ್ಲೆಂಡಿನ ಕಾಲುವೆಗಳ ದಡದಲ್ಲಿ ಮಾಡಲು ಕೆಲಸವಿಲ್ಲದೆ, ಹೋಗಬರುವ ದೋಣಿಗಳನ್ನು ಬಾಯಿಬಿಟ್ಟು ನೋಡುತ್ತ ನಿಲ್ಲುವವನಿಗೆ ಅಲ್ಲಿಯವರು ಇಟ್ಟ ಹೆಸರು ಇದು. 1904ರಲ್ಲಿ ಬಂದ ಕಾಲುವೆಗಳ ಕೈಪಿಡಿಯ ಪದಪಟ್ಟಿಯಲ್ಲಿ ಇದೆ. ಲಿಂಕನ್‌ಷೈರಿನ ಆಡುಮಾತಿನಲ್ಲಿ ದಿಟ್ಟಿಸುವುದಕ್ಕಿರುವ ಎರಡು ಪದ ಕೂಡಿ ಇದಾಗಿರಬಹುದು ಎಂದು ಅಲ್ಲಿನ ಪಂಡಿತರ ಊಹೆ. ಅವರು ಕೆರೆ ಕೋಡಿ ಬಿದ್ದ ದಿನ ನಮ್ಮ ಕಡೆ ಬಂದಿದ್ದರೆ ಊಹೆಯ ಕಷ್ಟ ಇರುತ್ತಿರಲಿಲ್ಲ. ಬೈಕು ನಿಲ್ಲಿಸಿ, ಮಂಡಕ್ಕಿ ಪೊಟ್ಟಣ ಬಿಚ್ಚಿ, ಹರಿಯುವ ನೀರನ್ನೇ ನೋಡುತ್ತ ಗುಂಗಿನಲ್ಲಿ ನಿಂತವರು ಯಾರು? ಗುಂಗು, ಜಲ, ಬಹುವಚನಕ್ಕೆ ‘ರು’: ಗುಂಗುಜಲರು. ಇಲ್ಲಿ ಸೂತ್ರವನ್ನು ಬಳಸುವ ಪ್ರಮೇಯವೇ ಬರಲಿಲ್ಲ.

ದ್ವಿತೀಯ ಪ್ರಮಾಣ: ಮಂಪ್ಸಿಮಸ್. 16ನೇ ಶತಮಾನದ ಕತೆ. ಓದು ಸಾಲದ ಒಬ್ಬ ಪಾದ್ರಿ ಪೂಜೆಯಲ್ಲಿ ‘ಸಂಪ್ಸಿಮಸ್’ ಎಂಬ ಲ್ಯಾಟಿನ್ ಪದವನ್ನು ‘ಮಂಪ್ಸಿಮಸ್’ ಎಂದೇ ವರ್ಷಗಟ್ಟಲೆ ಪಠಿಸುತ್ತಿದ್ದ. ಯಾರೋ ತಿದ್ದಿದಾಗ, ನಿನ್ನ ಹೊಸ ಸಂಪ್ಸಿಮಸ್ಸಿಗೋಸ್ಕರ ನನ್ನ ಹಳೆಯ ಮಂಪ್ಸಿಮಸ್ಸನ್ನು ಬಿಡಲಾರೆ ಎಂದನಂತೆ. ಎರಾಸ್ಮಸ್ ಇದನ್ನು ಕಾಗದದಲ್ಲಿ ಬರೆದ, ರಿಚರ್ಡ್ ಪೇಸ್ 1517ರ ಪುಸ್ತಕದಲ್ಲಿ ಅಚ್ಚುಹಾಕಿಸಿದ. ಅಂದಿನಿಂದ ತಪ್ಪೆಂದು ತಿಳಿಸಿದರೂ ತನ್ನದನ್ನೇ ಹಿಡಿದು ಕೂರುವವನಿಗೆ ಇಂಗ್ಲಿಷಿನಲ್ಲಿ ಅದೇ ಹೆಸರು. ನಿಜಸಂಗತಿ: ಮಧ್ಯಾಹ್ನದ ಮುದ್ದೆಯ ಮೇಲೆ ಬರುವ ಮಂಪರು, ಆ ಮಂಪರು ಆವರಿಸುವ ಸೀಮೆ, ಅಂದರೆ ಮಂಪರುಸೀಮೆ. ಪಾದ್ರಿ ಆ ಸೀಮೆಯವನು ಎಂಬುದನ್ನು ಎರಾಸ್ಮಸ್ ಬೇಕೆಂದೇ ಮುಚ್ಚಿಟ್ಟ.

ತೃತೀಯ ಪ್ರಮಾಣ: ಅಲ್ಟ್ರಾಕ್ರೆಪಿಡೇರಿಯನ್. ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವನು ಎಂದರ್ಥ. ಗ್ರೀಕ್ ಚಿತ್ರಕಾರ ಅಪೆಲ್ಲೀಸ್ ಬರೆದ ಚಿತ್ರದಲ್ಲಿ ಚಪ್ಪಲಿಯ ಕುಣಿಕೆ ತಪ್ಪಿದೆ ಎಂದ ಒಬ್ಬ ಮೋಚಿ. ಚಿತ್ರಕಾರ ತಿದ್ದಿದ. ಮಾರನೆಯ ದಿನ ಮೋಚಿ ಕಾಲಿನ ಬಗೆಗೂ ಮಾತೆತ್ತಿದ. ಚಪ್ಪಲಿಯಿಂದ ಮೇಲಕ್ಕೆ ಬರಬೇಡ ಎಂದು ಅಪೆಲ್ಲೀಸ್ ಗದರಿದನೆಂದು ಪ್ಲಿನಿ ಬರೆದಿದ್ದಾನೆ. ಚಪ್ಪಲಿಗೆ ಅಲ್ಲಿ ‘ಕ್ರೆಪಿಡ’. ಈ ಕತೆಯಿಂದ ಎತ್ತಿದ ಬೈಗುಳವನ್ನು 1819ರಲ್ಲಿ ಹ್ಯಾಜ್ಲಿಟ್ ವಿಮರ್ಶಕ ಗಿಫರ್ಡನ ಮೇಲೆ ಎಸೆದ. ಗಿಫರ್ಡ್ ಹುಡುಗನಾಗಿದ್ದಾಗ ಮೋಚಿಯ ಬಳಿ ಕೆಲಸಕ್ಕಿದ್ದವನು. ಪೆಟ್ಟು ಎರಡು ಕಡೆ ತಾಗಿತು. ಈಗ ಕನ್ನಡಕ್ಕೆ ಬನ್ನಿ. ನಮ್ಮಲ್ಲಿ ಚಪ್ಪಲಿಗೆ ಕೆರ, ಹಳಗನ್ನಡದಲ್ಲಿ ಕೆರ್ಪು. ಕೆರ ಮೆಟ್ಟಿದ ಪಾದ ಕೆರಪಾದ, ಅದೇ ಕ್ರೆಪಿಡ. ‘ಅತ್ತ ಕೆರಪಾದದಿಂದಾಚೆ ಅರಿಯ’ ಎಂಬ ಅಚ್ಚಗನ್ನಡ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದರೆ ಹ್ಯಾಜ್ಲಿಟ್ಟನ ಬೈಗುಳ ತಾನಾಗಿ ಉದುರುತ್ತದೆ. ಧ್ವನಿ ಕೂಡಿತು, ಅರ್ಥ ಕೂಡಿತು, ಚಪ್ಪಲಿಯೂ ಕೂಡಿತು.

ಪೂರ್ವಪಕ್ಷ

ವಿರೋಧಿಯ ಮಾತನ್ನು ಸಾವಧಾನವಾಗಿ ಕೇಳಿ ಆಮೇಲೆ ತಳ್ಳಿಹಾಕುವುದು ಶಾಸ್ತ್ರಧರ್ಮ. ನಮ್ಮ ಪೂರ್ವಪಕ್ಷಿ ನಿವೃತ್ತರಾದ ಒಬ್ಬ ಇಂಗ್ಲಿಷ್ ಮೇಷ್ಟ್ರು. ವಾದ ನಡೆದದ್ದು ಅವರ ಅಂಗಳದಲ್ಲಿ, ಅಡಿಕೆ ಸುಲಿಯುವವರ ನಡುವೆ.

“ಸ್ವಾಮಿ, ಕ್ರೆಪಿಡ ಗ್ರೀಕಿನಿಂದ ಲ್ಯಾಟಿನ್ನಿಗೆ ಹೋದದ್ದು. ಕೆರ್ಪಿನ ಅಣ್ಣತಮ್ಮ ತಮಿಳಿನ ಚೆರುಪ್ಪು. ಎರಡೂ ಮನೆಯವರು ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ. ಮುಖ ಹೋಲುತ್ತೆ ಅಂತ ಆಸ್ತೀಲಿ ಪಾಲು ಕೇಳೋಕಾಗುತ್ತಾ?” ಎಂದರು ಮೇಷ್ಟ್ರು. “ನಮ್ಮದೇ ನಿಜವಾಗಿ ಅಲ್ಲಿಗೆ ಹೋಗಿರೋದು ಬೇಕಿದ್ರೆ ಈ ರಾಶಿ ನೋಡಿ. ಮಲಯಾಳದ ಕರಾವಳೀಲಿ ‘ಅಡಕ್ಕ’ ಅಂದಿದ್ದನ್ನ ಪೋರ್ಚುಗೀಸರು ‘ಅರೆಕ’ ಅಂತ ಕೇಳಿಸ್ಕೊಂಡ್ರು, ಅವರಿಂದ ಇಂಗ್ಲಿಷರು ಕಲಿತ್ರು. 1753ರಲ್ಲಿ ಲಿನೇಯಸ್ ಮರಕ್ಕೆ ‘ಅರೆಕಾ ಕಟೆಚು’ ಅಂತ ಹೆಸರಿಟ್ಟ. ಆ ಕಟೆಚು ನಮ್ಮ ಕಾಚಿನ ನೆಂಟ.”

ನಾವು ಕಾಸು ಮತ್ತು ಕ್ಯಾಶ್ ಎಂಬ ಬ್ರಹ್ಮಾಸ್ತ್ರವನ್ನು ಹೂಡಿದೆವು. ಮೇಷ್ಟ್ರು ನಕ್ಕರು. “ಅದು ಇನ್ನೂ ಚೆನ್ನಾಗಿದೆ. ಕಾಸು ಅನ್ನೋ ನಾಣ್ಯವನ್ನ ಇಂಗ್ಲಿಷರು ‘ಕ್ಯಾಶ್’ ಅಂತ ಬರೆದದ್ದು ನಿಜ. ಮೂರನೇ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಶ್’. ಆದ್ರೆ ಬ್ಯಾಂಕಿನ ಕೌಂಟರಿನಲ್ಲಿ ಕೊಡ್ತಾರಲ್ಲ, ಆ ಕ್ಯಾಶು ಬೇರೆ. ಅದು ದುಡ್ಡಿನ ಪೆಟ್ಟಿಗೆಗೆ ಇಟಲಿ, ಫ್ರಾನ್ಸಿನವರು ಹೇಳೋ ಮಾತಿನಿಂದ ಬಂದದ್ದು. ಇಂಗ್ಲಿಷಿನಲ್ಲಿ ಇಬ್ಬರು ಕ್ಯಾಶ್ ಇದ್ದಾರೆ, ನಮ್ಮೋನು ಒಬ್ಬನೇ.”

ಮೆಟ್ಟುಗತ್ತಿಯ ಮುಂದೆ ಕೂತಿದ್ದ ಅಜ್ಜಿ ತಲೆಯೆತ್ತಲಿಲ್ಲ. “ಯಾವನಾದ್ರೂ ಆಗ್ಲಿ ಬಿಡಪ್ಪ, ಸಂಜಿಗೆ ಇಬ್ರಲ್ಲಿ ಒಬ್ಬನ್ನ ನನ್ ಕೈಗೆ ಕೊಟ್ರೆ ಆಯ್ತು.”

ಮೇಷ್ಟ್ರು ಬಿಡಲಿಲ್ಲ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ದಿನವೂ ಕೂಗುವ ‘ಕ್ವಿಂಟಾಲ್’ ನೂರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೊರಟು, ಅರಬ್ಬರಲ್ಲಿ ‘ಕಿಂತಾರ್’ ಆಗಿ, ಮತ್ತೆ ಯುರೋಪಿಗೆ ಮರಳಿ, ಅಲ್ಲಿಂದ ಇಲ್ಲಿಗೆ ಬಂದಿದೆಯಂತೆ. ಅಜ್ಜಿಯ ಕಾಲದ ಕಂದೀಲು ಇಂಗ್ಲಿಷಿನ ಕ್ಯಾಂಡಲ್ಲಿಗೆ ದಾಯಾದಿಯಂತೆ: ಒಂದು ಅರಬ್ಬೀ ಪಾರ್ಸಿಯ ದಾರಿ ಹಿಡಿದು ಹೊರಟಿತು, ಇನ್ನೊಂದು ಇಂಗ್ಲೆಂಡಿನ ದಾರಿ ಹಿಡಿಯಿತು, ಎರಡಕ್ಕೂ ಮೂಲ ಲ್ಯಾಟಿನ್. ಪೊಲೀಸ್ ಪೇದೆಯೂ ಕಚೇರಿಯ ಪ್ಯೂನೂ ಬೇರೆಬೇರೆ ದಾರಿಯಲ್ಲಿ ನಡೆದುಬಂದ ಒಂದೇ ಬಳಗ. ಇಬ್ಬರ ಬುಡದಲ್ಲೂ ಇರುವುದು ಕಾಲು, ನಮ್ಮ ‘ಪಾದ’ದ ನೆಂಟು. ಇಂಥವನ್ನೆಲ್ಲ ಯೂಲ್ ಮತ್ತು ಬರ್ನೆಲ್ 1886ರಲ್ಲಿ ಒಂದು ದಪ್ಪ ಕೋಶಕ್ಕೆ ತುಂಬಿದರು. ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಗೋಳು ಗೋರಾ ಸಿಪಾಯಿಗಳ ಕಿವಿಯಲ್ಲಿ ‘ಹಾಬ್ಸನ್ ಜಾಬ್ಸನ್’ ಆದದ್ದನ್ನೇ ಅದಕ್ಕೆ ಹೆಸರಾಗಿಟ್ಟರು.

ಖಂಡನೆ

ಮೇಷ್ಟ್ರ ವಂಶಾವಳಿಯಲ್ಲಿ ಮರ್ಯಾದಸ್ಥರು ಒಬ್ಬರೂ ಇಲ್ಲ ಎಂಬುದನ್ನು ವಾಚಕರು ಗಮನಿಸಿರಬೇಕು. ಹಡಗಿನವನು, ದಲ್ಲಾಳಿ, ತೂಕದವನು, ಕಿವಿ ಮಂದವಾದ ಸಿಪಾಯಿ. ಒಂದು ಪದ ಊರಿಂದೂರಿಗೆ ಹೋಗಬೇಕಾದರೆ ಯಾರೋ ಅದನ್ನು ಸರಕಿನ ಜೊತೆ ಹೊತ್ತಿರಬೇಕು, ಹೊತ್ತ ದಾರಿಯಲ್ಲಿ ಗುರುತು ಬಿದ್ದಿರಬೇಕು ಎನ್ನುತ್ತಾರೆ ಅವರು. ನಮ್ಮ ಶಾಸ್ತ್ರದಲ್ಲಿ ಪದಕ್ಕೆ ದಾರಿಖರ್ಚು ಬೇಡ, ಹಡಗು ಬೇಡ, ಇಸವಿ ಬೇಡ. ಬೆಳಿಗ್ಗೆ ಸವಳಂಗದಲ್ಲಿದ್ದದ್ದು ಸಂಜೆಗೆ ರೋಮಿನಲ್ಲಿರುತ್ತದೆ. ಯಾವುದು ಶ್ರೇಷ್ಠ?

ಮೇಷ್ಟ್ರು ಕೊನೆಯ ಬಲೆ ಬೀಸಿದರು. “ಸರಿ, ‘ಡೋರ್ಡ್’ ಅನ್ನೋ ಪದಕ್ಕೆ ಮೂಲ ಹೇಳಿ ನೋಡೋಣ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿದೆ. ಅರ್ಥ ಸಾಂದ್ರತೆ.”

ನಮಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಡೋರ್ಡ್ ಎಂದರೆ ದಡ್ಡ. ತಲೆಯೊಳಗೆ ಏನೂ ಇಳಿಯದಷ್ಟು ಸಾಂದ್ರವಾಗಿರುವವನನ್ನು ಇನ್ನೇನೆಂದು ಕರೆಯುತ್ತಾರೆ?

“ಸ್ವಾಮಿ, ಅಂಥ ಪದವೇ ಇಲ್ಲ” ಎಂದರು ಮೇಷ್ಟ್ರು. ಸಾಂದ್ರತೆಯ ಸಂಕೇತಾಕ್ಷರ ದೊಡ್ಡ ಡಿ ಅಥವಾ ಚಿಕ್ಕ ಡಿ ಎಂದು ತಿಳಿಸಲು ‘ಡಿ ಆರ್ ಡಿ’ ಎಂದು ಬರೆದಿದ್ದ ಚೀಟಿಯನ್ನು ಕಚೇರಿಯಲ್ಲಿ ಯಾರೋ ಒಂದೇ ಪದವೆಂದು ಓದಿ ಅಚ್ಚಿಗೆ ಕಳಿಸಿದರಂತೆ. ಮೂಲದ ಕಾಲಂ ಖಾಲಿ ಇರುವುದು 1939ರಲ್ಲಿ ಒಬ್ಬ ಸಂಪಾದಕರ ಕಣ್ಣಿಗೆ ಬಿದ್ದು ಗುಟ್ಟು ರಟ್ಟಾಯಿತಂತೆ. “ಹುಟ್ಟದೇ ಇರೋ ಕೂಸಿಗೂ ನಿಮ್ಮ ಸಿದ್ಧಾಂತ ತೊಟ್ಟಿಲು ತೂಗ್ತು ನೋಡಿ.”

ನಾವು ಇದನ್ನು ಸಿದ್ಧಾಂತದ ಪರಮ ವಿಜಯವೆಂದು ದಾಖಲಿಸುತ್ತೇವೆ. ಪಾಶ್ಚಾತ್ಯ ಶಾಸ್ತ್ರ ಇರುವ ಪದಕ್ಕೇ ಮೂಲ ಹುಡುಕಿ ಬಳಲುತ್ತದೆ. ನಮ್ಮದು ಇಲ್ಲದ ಪದಕ್ಕೂ ಮೂಲ ಕೊಟ್ಟಿತು.

ನಿರ್ಣಯ

ಆದ್ದರಿಂದ ನಿರ್ಣಯಿಸಿದ್ದೇನೆಂದರೆ, ಆಕ್ಸ್‌ಫರ್ಡಿನವರು ತಮ್ಮ ನಿಘಂಟಿನ ಮಾರಾಟದಲ್ಲಿ ಸವಳಂಗಕ್ಕೆ ಸಲ್ಲಬೇಕಾದ ಪಾಲನ್ನು ಲೆಕ್ಕಹಾಕಿ ಕೊಡತಕ್ಕದ್ದು. ಕಾಸೋ ಕ್ಯಾಶೋ, ಅಜ್ಜಿಗೆ ಅಭ್ಯಂತರವಿಲ್ಲ. ನ್ಯಾಮತಿ ಎಂಬುದು ‘ನೇಮ್’ ಅತಿಯಾದ ಊರು ಎಂಬ ಬಗ್ಗೆ ಎರಡನೇ ಸಂಪುಟ ಅಚ್ಚಿನಲ್ಲಿದೆ. ಈ ವಿಷಯದ ಮೇಲಿನ ವಿಚಾರಗೋಷ್ಠಿಯನ್ನು ಹೆಸರಿನ ಸೂಕ್ತತೆಯನ್ನು ಮನಗಂಡು ಜಗಳೂರಿನಲ್ಲಿ ಏರ್ಪಡಿಸಲಾಗುವುದು.

ಗ್ರಂಥಕ್ಕೆ ಮುನ್ನುಡಿ ಬೇಕೆಂದು ದೊಡ್ಡಮನಸ್ಸಿನಿಂದ ಮೇಷ್ಟ್ರನ್ನೇ ಕೇಳಿದೆವು. ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ಯೋಚಿಸಿ, ಹಾಳೆಯ ಮೇಲೆ ಒಂದೇ ಒಂದು ಪದ ಬರೆದುಕೊಟ್ಟರು: ಮಂಪ್ಸಿಮಸ್. ಸವಳಂಗ ಮೂಲದ ಪದವನ್ನೇ ಆರಿಸಿಕೊಂಡದ್ದರಿಂದ ಅವರೂ ಸೋಲೊಪ್ಪಿದಂತಾಯಿತು. ಅದನ್ನು ದಪ್ಪ ಅಕ್ಷರದಲ್ಲಿ ಮುಖಪುಟದ ಮೇಲೆ, ನಮ್ಮ ಹೆಸರಿನ ಕೆಳಗೇ ಹಾಕಿಸಿದ್ದೇವೆ.