ಕರಿಪರದೆ ಮೀಮಾಂಸೆ

ಶಾಸ್ತ್ರ ಬರೆಯ ಹೊರಟವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಲೆ. ಹೇಳುತ್ತೇವೆ. ವಿಷಯ: ಯುನಿಕ್ಸ್ ಮತ್ತು ಅದರ ಗೋತ್ರದ ಲಿನಕ್ಸ್, ಮ್ಯಾಕ್ ಮುಂತಾದವುಗಳ ಟರ್ಮಿನಲ್ಲೆಂಬ ಕರಿಪರದೆಯ ಮೇಲೆ ಉದ್ಭವಿಸುವ ದೋಷಗಳು. ಪ್ರಯೋಜನ: ದೋಷನಿವೃತ್ತಿ, ಅದು ದಕ್ಕದಿದ್ದರೆ ದೋಷ ತನ್ನದಲ್ಲವೆಂಬ ಮನಶ್ಶಾಂತಿ. ಸಂಬಂಧ: ಗ್ರಂಥಕ್ಕೂ ವಿಷಯಕ್ಕೂ ಪ್ರತಿಪಾದ್ಯ-ಪ್ರತಿಪಾದಕ ಸಂಬಂಧ, ಕಂಪ್ಯೂಟರಿಗೂ ಅದರ ಒಡೆಯನಿಗೂ ಇರುವ ಸಂಬಂಧವನ್ನು ಅವನ ಮನೆಯವರನ್ನು ಕೇಳಿ ತಿಳಿಯುವುದು. ಅಧಿಕಾರಿ: ಯಾರ ಕೆಲಸ ನಾಳೆ ಬೆಳಿಗ್ಗೆಯೊಳಗೆ ಮುಗಿಯಲೇಬೇಕೋ ಅವನು. ಬಿಡುವಿದ್ದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ, ಏಕೆಂದರೆ ಅವನ ಕಂಪ್ಯೂಟರು ಕೆಡುವುದಿಲ್ಲ.

ಪೂರ್ವಪಕ್ಷಗಳಲ್ಲಿ ಅತಿಪ್ರಾಚೀನವಾದದ್ದು ಪುನರಾರಂಭವಾದ. ಆಫ್ ಮಾಡಿ ಆನ್ ಮಾಡು ಎಂಬ ಒಂದೇ ಸೂತ್ರದ ಮೇಲೆ ನಿಂತ ಈ ದರ್ಶನಕ್ಕೆ ಅನುಯಾಯಿಗಳು ಅಪಾರ, ಭಾಷ್ಯಕಾರರು ಯಾರೂ ಇಲ್ಲ. ಇವರ ಚಿಕಿತ್ಸೆಯಲ್ಲಿ ರೋಗವೂ ಹೋಗುತ್ತದೆ, ರೋಗದ ಕುರುಹೂ ಹೋಗುತ್ತದೆ. ಮುಂದಿನ ವಾರ ಮತ್ತೆ ಬಂದದ್ದು ಅದೇ ರೋಗವೆಂದು ಸಾಧಿಸಲು ಆಧಾರವೇ ಉಳಿದಿರುವುದಿಲ್ಲ. ಖಂಡನೆಗೆ ಇಷ್ಟು ಸಾಕು.

ಇವರಿಗಿಂತ ಅಪಾಯಕಾರಿಗಳು ಸುಡೋವಾದಿಗಳು. ಆಜ್ಞೆ ನಡೆಯಲಿಲ್ಲವೆ? ಮೊದಲಿಗೆ 'ಸುಡೋ' ಸೇರಿಸು, ನಡೆಯುತ್ತದೆ ಎನ್ನುತ್ತಾರೆ. ರೂಟ್ ಎಂಬ ಸರ್ವಾಧಿಕಾರಿಯ ವೇಷ ತೊಟ್ಟು ಅಪ್ಪಣೆ ಕೊಡುವ ವಿಧಾನ ಇದು. ಇವತ್ತಿನ ಕೆಲಸ ಆಗುತ್ತದೆ, ನಿಜ. ಆದರೆ ಆ ಕೆಲಸದಲ್ಲಿ ಹುಟ್ಟಿದ ಫೈಲುಗಳೆಲ್ಲ ರೂಟ್‌ನ ಹೆಸರಿಗೆ ಖಾತೆಯಾಗಿ, ನಾಳೆ ವೇಷ ಕಳಚಿ ಬಂದ ಒಡೆಯ ತನ್ನದೇ ಮನೆಯ ಫೈಲನ್ನು ಮುಟ್ಟಿದರೂ 'ಅನುಮತಿ ಇಲ್ಲ' ಎಂದು ಗದರಿಸಿಕೊಳ್ಳುತ್ತಾನೆ. ಆಗೇನು ಮಾಡುವುದು? ಮತ್ತೆ ಸುಡೋ. ಇದನ್ನು ತರ್ಕಶಾಸ್ತ್ರದಲ್ಲಿ ಅನವಸ್ಥಾದೋಷ ಎನ್ನುತ್ತಾರೆ, ಆಫೀಸಿನಲ್ಲಿ ಅನುಭವ ಎನ್ನುತ್ತಾರೆ.

ಇವರ ಗರ್ವಭಂಗಕ್ಕೆ ಒಂದೇ ನಿದರ್ಶನ ಕೊಡುತ್ತೇವೆ. ರೂಟ್ ಮಾತ್ರ ಬರೆಯಬಹುದಾದ ಫೈಲಿಗೆ ಒಂದು ಸಾಲು ಸೇರಿಸಬೇಕಿದೆ. ಸುಡೋವಾದಿಯು 'ಸುಡೋ ಎಕೋ' ಎಂದು ಹಿಡಿದು, ಸಾಲು ಬರೆದು, ಬಾಣದ ಗುರುತು ಹಾಕಿ, ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತುತ್ತಾನೆ. ಅನುಮತಿ ಇಲ್ಲ! ಕಾರಣವೇನೆಂದರೆ ಬಾಣವನ್ನು ಓದಿ ಫೈಲು ತೆರೆಯುವ ಕೆಲಸ ಆಜ್ಞೆಗಳನ್ನು ಬಿಡಿಸಿ ನಡೆಸುವ ಶೆಲ್‌ನದು. ಸುಡೋ ಮೈಮುರಿದು ಏಳುವ ಮೊದಲೇ ಅದು ಬಡ ಬಳಕೆದಾರನ ಹೆಸರಿನಲ್ಲಿ ಬಾಗಿಲು ತಟ್ಟಿ ಬೈಸಿಕೊಂಡಿರುತ್ತದೆ. ಸರ್ವಾಧಿಕಾರವೆಲ್ಲ ಎಕೋಗೆ ಮೀಸಲಾಗಿತ್ತು. ಹೇಳಿದ್ದನ್ನೇ ಹೇಳಲು ಎಕೋಗೆ ಯಾವ ಅಧಿಕಾರವೂ ಬೇಕಿರಲಿಲ್ಲ.

ಇನ್ನು ಸಿದ್ಧಾಂತ. ನಮ್ಮ ಮತದಲ್ಲಿ ದೋಷನಿರ್ಣಯವೆಂದರೆ ಪ್ರಮಾಣನಿರ್ಣಯವೇ. ಕರಿಪರದೆ ಸುಳ್ಳು ಹೇಳುವುದಿಲ್ಲ. ಯಾವುದರ ಬಗ್ಗೆ ನಿಜ ಹೇಳುತ್ತಿದೆ ಎಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ.

ಮೌನದಿಂದ ಆರಂಭಿಸೋಣ. ಫೈಲನ್ನು ನಕಲು ಮಾಡೆಂದು 'ಸಿಪಿ'ಗೆ ಹೇಳಿದಿರಿ. ಅದು ತುಟಿಪಿಟಕ್ಕೆನ್ನದೆ ಮುಂದಿನ ಆಜ್ಞೆಗೆ ಕಾದು ಕೂತಿತು. ಆಯಿತೋ ಇಲ್ಲವೋ? ಏನೂ ಕಾಣದಿರುವುದರಿಂದ ಏನಾದರೂ ತಿಳಿಯಬಹುದೇ ಎಂಬುದು ಬಹಳ ಹಳೆಯ ಜಗಳ. ಅನುಪಲಬ್ಧಿ ಪ್ರತ್ಯೇಕವಾದ ಪ್ರಮಾಣ ಎಂದರು ಕುಮಾರಿಲ ಭಟ್ಟರು. ಸಲ್ಲದು ಎಂದರು ಪ್ರಭಾಕರರು. ಅಭಾವವೆಂಬುದು ಇದೆ, ಆದರೆ ಅದು ಪ್ರತ್ಯಕ್ಷದಿಂದಲೇ ಗೊತ್ತಾಗುತ್ತದೆ ಎಂದರು ನೈಯಾಯಿಕರು. ಯುನಿಕ್ಸ್ ಶುದ್ಧ ಭಾಟ್ಟಮತದ್ದು: ಏನೂ ಹೇಳಲಿಲ್ಲವೆಂದರೆ ಆಯಿತೆಂದು ತಿಳಿಯತಕ್ಕದ್ದು.

ಈ ಮಿತಭಾಷೆಯ ಹಿಂದೆ ತಪಸ್ಸೇನೂ ಇಲ್ಲ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸನ್ನು ಕಟ್ಟತೊಡಗಿದ ಕಾಲದಲ್ಲಿ ಮಾತುಕತೆಯೆಲ್ಲ ಟೆಲಿಟೈಪಿನ ಮೂಲಕ. ಮಾಡೆಲ್ 33 ಎಂಬ ಆ ಯಂತ್ರ ಸೆಕೆಂಡಿಗೆ 10 ಅಕ್ಷರದಂತೆ ಕಾಗದದ ಮೇಲೆ ಕುಟ್ಟುತ್ತಿತ್ತು. 'ತಮ್ಮ ಫೈಲನ್ನು ಯಶಸ್ವಿಯಾಗಿ ನಕಲಿಸಲಾಗಿದೆ' ಎಂಬಷ್ಟು ಉದ್ದದ ಉಪಚಾರಕ್ಕೆ ನಾಲ್ಕು ಸೆಕೆಂಡು ಗಡಗಡ ಸದ್ದು, ಮೇಲೆ ಕಾಗದದ ದಂಡ. ಥಾಂಪ್ಸನ್ ಬರೆದ 'ಎಡ್' ಎಂಬ ಎಡಿಟರ್ ಅಂತೂ, ಬಳಸುವವನು ಎಂಥ ಪ್ರಮಾದ ಮಾಡಿದರೂ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸುಮ್ಮನಾಗುತ್ತಿತ್ತು. ಶಬ್ದಪ್ರಮಾಣಕ್ಕೆ ಇದಕ್ಕಿಂತ ಸಂಕ್ಷಿಪ್ತ ಉದಾಹರಣೆ ಯಾವ ದರ್ಶನದಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮೌನದೊಳಗೆ ಒಂದು ಸಂಖ್ಯೆಯೂ ಅಡಗಿದೆ. ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಅಂಕಿ ಬಿಟ್ಟುಹೋಗುತ್ತದೆ: 0 ಎಂದರೆ ಸಿದ್ಧಿ, ಮಿಕ್ಕದ್ದೆಲ್ಲ ಒಂದಲ್ಲ ಒಂದು ಬಗೆಯ ವಿಘ್ನ. ಅಂಥ ಆಜ್ಞೆಯೇ ಇಲ್ಲವೆಂದರೆ 127. ಇದೆ, ಆದರೆ ನಡೆಸಲು ಬರುವುದಿಲ್ಲ ಎಂದರೆ 126. ಶೂನ್ಯವೇ ಸಾಧನೆಯ ತುದಿ ಎಂಬುದನ್ನು ಅಲ್ಲಮನ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಅಂಕಿಯನ್ನು ಕೇಳುವ ವಿಧಿ ಸೂಕ್ಷ್ಮ. ಡಾಲರ್ ಗುರುತಿನ ಪಕ್ಕ ಪ್ರಶ್ನಾರ್ಥಕ ಇಟ್ಟು ಎಕೋ ಮಾಡಿದರೆ ಒಂದು ಸಲ ತೋರಿಸುತ್ತದೆ. ಸರಿಯಾಗಿ ಕಾಣಲಿಲ್ಲ ಎಂದು ಇನ್ನೊಮ್ಮೆ ಕೇಳಿದಿರೋ, 0. ಅದು ಹಿಂದಿನ ಎಕೋ ಸುಸೂತ್ರವಾಗಿ ನಡೆಯಿತೆಂಬ ವರದಿ. ನಿಮ್ಮ ದೋಷ ಆಗಲೇ ಚರಿತ್ರೆಗೆ ಸಂದಿತು.

ಈಗ ಮಾತಾಡುವ ದೋಷಗಳು. ಇವುಗಳಲ್ಲಿ ಶಿರೋಮಣಿಯೆಂದರೆ 'ಅಂಥ ಫೈಲು ಇಲ್ಲ' ಎಂಬುದು. ಫೈಲು ಕಣ್ಣೆದುರೇ ಇದೆ. 'ಎಲ್‌ಎಸ್' ಕೊಟ್ಟರೆ ಹೆಸರು ಬರುತ್ತದೆ, ತೆರೆದರೆ ಅಕ್ಷರ ಕಾಣುತ್ತದೆ, ನಡೆಸಿದರೆ ಮಾತ್ರ ಇಲ್ಲ! ಇಲ್ಲಿ ನವ್ಯನ್ಯಾಯದ ಕಾಲು ಹಿಡಿಯದೆ ಗತ್ಯಂತರವಿಲ್ಲ. ಅಭಾವವೆಂದಮೇಲೆ ಅದಕ್ಕೊಂದು ಪ್ರತಿಯೋಗಿ ಇರಲೇಬೇಕು. 'ಇಲ್ಲ' ಎಂದಷ್ಟೇ ಹೇಳಿದರೆ ಸಾಲದು, ಯಾವುದು ಇಲ್ಲ ಎಂದು ಹೇಳಬೇಕು. ಲಿನಕ್ಸಿನ ತಿರುಳಾದ ಕರ್ನಲ್ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಅದು ಹಿಂತಿರುಗಿಸುವುದು 2 ಎಂಬ ದೋಷಸಂಖ್ಯೆ ಮಾತ್ರ, ಹೆಸರಿಲ್ಲ. ಇಲ್ಲದಿರುವುದು ನಿಮ್ಮ ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಬರೆದಿರುವ, ಅದನ್ನು ಓದಿ ನಡೆಸಬೇಕಾದ ಬ್ಯಾಶ್ ಅಥವಾ ಪೈಥಾನ್. ಅದೂ ಇದೆಯಲ್ಲ ಎನ್ನುವಿರಿ. ಸ್ಕ್ರಿಪ್ಟ್ ವಿಂಡೋಸ್‌ನಲ್ಲಿ ಬರೆದದ್ದೇನು? ಅಲ್ಲಿ ಸಾಲು ಮುಗಿಸಲು ಎರಡು ಗುರುತು, ಯುನಿಕ್ಸಿನಲ್ಲಿ ಒಂದೇ. ಹೆಚ್ಚುವರಿ ಗುರುತು ಟೆಲಿಟೈಪಿನ ಅಚ್ಚುತಲೆಯನ್ನು ಎಡಕ್ಕೆ ಎಳೆದು ತರಲು ಇದ್ದದ್ದು. ಯಂತ್ರ ಗುಜರಿ ಸೇರಿದರೂ ಗುರುತು ಉಳಿದುಕೊಂಡಿದೆ. ಈಗ ಅದು ಬ್ಯಾಶ್ ಎಂಬ ಹೆಸರಿನ ಬಾಲಕ್ಕೆ ಅಂಟಿಕೊಂಡು, ಕರ್ನಲ್ ಹುಡುಕುತ್ತಿರುವುದು ಬಾಲವಿರುವ ಬ್ಯಾಶನ್ನು. ಅಂಥದ್ದು ಇಲ್ಲ, ಹೇಳಿದ ಮಾತು ನಿಜ. 'ಡಾಸ್‌ಟುಯುನಿಕ್ಸ್' ಎಂಬ ಉಪಕರಣ ಆ ಬಾಲವನ್ನು ಕತ್ತರಿಸುತ್ತದೆ.

ಇದೇ ಸಂದೇಶಕ್ಕೆ ಇನ್ನೊಂದು ಪ್ರತಿಯೋಗಿಯೂ ಉಂಟು. ಬ್ಯಾಶ್ ಒಮ್ಮೆ ಕಂಡ ಪ್ರೋಗ್ರಾಮಿನ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರೋಗ್ರಾಮು ಬೇರೆ ಡೈರೆಕ್ಟರಿಗೆ ವಾಸ ಬದಲಿಸಿದರೂ ಹಳೇ ಬಾಗಿಲಿಗೇ ಹೋಗಿ ಇಲ್ಲವೆಂದು ವಾಪಸ್ ಬರುತ್ತದೆ. ಸ್ಮೃತಿ ಪ್ರಮಾಣವಲ್ಲ ಎಂದು ನಮ್ಮ ತಾರ್ಕಿಕರು ಸುಮ್ಮನೆ ಹೇಳಲಿಲ್ಲ. 'ಹ್ಯಾಶ್ -ಆರ್' ಎಂದರೆ ಎಲ್ಲ ಮರೆಯುತ್ತದೆ.

ಪ್ರೇತಪ್ರಕರಣಕ್ಕೆ ಬರೋಣ. ಯುನಿಕ್ಸಿನಲ್ಲಿ ಪ್ರತಿ ಪ್ರೋಸೆಸ್ಸಿಗೂ ಹೆತ್ತದ್ದೊಂದಿರುತ್ತದೆ. ಮಗು ಸತ್ತಾಗ ಅದು ಬಿಟ್ಟುಹೋದ ಅಂಕಿಯನ್ನು ಹೆತ್ತದ್ದು ಬಂದು 'ವೇಯ್ಟ್' ಎಂಬ ಕ್ರಿಯೆಯಿಂದ ಸ್ವೀಕರಿಸಬೇಕು. ಉತ್ತರಕ್ರಿಯೆಗೆ ಅದು ಬರದಿದ್ದರೆ ಮಗು ಜೋಂಬಿಯಾಗಿ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಮೆಮೊರಿ ಇಲ್ಲ, ಕೆಲಸವಿಲ್ಲ, ಹೆಸರು ಮಾತ್ರ. ಕೋಪಿಷ್ಠರು ಅದರ ಮೇಲೆ 'ಕಿಲ್ -9' ಪ್ರಯೋಗಿಸುತ್ತಾರೆ. ಸತ್ತವರನ್ನು ಕೊಲ್ಲುವ ಅಸ್ತ್ರ ಇನ್ನೂ ಹುಟ್ಟಿಲ್ಲ. ತರಾಟೆಗೆ ತೆಗೆದುಕೊಳ್ಳಬೇಕಾದದ್ದು ಹೆತ್ತದ್ದನ್ನು. ಅದೇ ಕಣ್ಮುಚ್ಚಿದರೆ 1ನೇ ನಂಬರಿನ ಪ್ರೋಸೆಸ್ ಅನಾಥರನ್ನೆಲ್ಲ ದತ್ತು ತೆಗೆದುಕೊಂಡು, ಬಾಕಿ ಕ್ರಿಯೆಗಳನ್ನು ಮುಗಿಸುತ್ತದೆ.

ಇದಕ್ಕೆ ತದ್ವಿರುದ್ಧದ ಪ್ರೇತ ಇನ್ನೊಂದಿದೆ. ಡಿಸ್ಕ್ ತುಂಬಿತೆಂದು ದೊಡ್ಡದೊಂದು ಲಾಗ್ ಫೈಲನ್ನು ಅಳಿಸಿದಿರಿ. 'ಡಿಯು' ಲೆಕ್ಕ ಹಾಕಿ ಜಾಗ ಬಿಡುಗಡೆಯಾಯಿತು ಎನ್ನುತ್ತದೆ, 'ಡಿಎಫ್' ಇನ್ನೂ ತುಂಬಿದೆ ಎನ್ನುತ್ತದೆ. ಅಳಿದದ್ದು ಹೆಸರು, ಯಾವುದೋ ಪ್ರೋಗ್ರಾಮು ಆ ಫೈಲನ್ನು ತೆರೆದು ಹಿಡಿದಿರುವವರೆಗೆ ಒಡಲು ಡಿಸ್ಕಿನಲ್ಲೇ ಇರುತ್ತದೆ. ಜೋಂಬಿಗೆ ನಾಮವುಂಟು, ರೂಪವಿಲ್ಲ. ಇದಕ್ಕೆ ರೂಪವುಂಟು, ನಾಮವಿಲ್ಲ. ಹಿಡಿದವರು ಯಾರೆಂದು 'ಎಲ್‌ಎಸ್‌ಒಎಫ್' ತೋರಿಸುತ್ತದೆ. ಮೇಲೆ ಖಂಡಿಸಲ್ಪಟ್ಟ ಪುನರಾರಂಭವಾದಿಗಳು ಇಲ್ಲಿ ಗೆದ್ದುಬಿಡುತ್ತಾರೆ ಎಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಬೇಕು. ಯಾಕೆ ಗೆದ್ದೆವೆಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ.

ಅಕ್ಷರಪ್ರಕರಣದಲ್ಲಿ ಕನ್ನಡಿಗರಿಗೆ ವಿಶೇಷಾಧಿಕಾರ. 'ಕರ್ನಾಟಕ' ಎಂದು ಬರೆದು 'ಡಬ್ಲ್ಯೂಸಿ'ಯಿಂದ ಎಣಿಸಿ, ಸಾಲಿನ ಕೊನೆಯ ಕಾಣದ ಗುರುತನ್ನು ಕಳೆದರೆ ಬೈಟುಗಳ ಲೆಕ್ಕದಲ್ಲಿ 21. ಅದೇ ಉಪಕರಣಕ್ಕೆ ಅಕ್ಷರ ಎಣಿಸು ಎಂದರೆ 7. ಒಂದನೇ ಕ್ಲಾಸಿನ ಮೇಷ್ಟರು 4 ಎನ್ನುತ್ತಾರೆ. ಮೂರೂ ಸರಿ. ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಹಲಂತಚಿಹ್ನೆಗೂ ದೀರ್ಘಕ್ಕೂ ಅಲ್ಲಿ ಪ್ರತ್ಯೇಕ ಆಸನ. ಮೇಷ್ಟರು ಅವಕ್ಕೆ ಆಸನ ಕೊಡುವುದಿಲ್ಲ. ಹೆಸರನ್ನು ಹಿಂದುಮುಂದಾಗಿಸು ಎಂದರೆ ಮಕ್ಕಳು 'ಕಟರ್ನಾಕ' ಎನ್ನುತ್ತಾರೆ. ಲಿನಕ್ಸಿನ 'ರೆವ್' ಸಂಕೇತಗಳನ್ನು ಒಂದೊಂದಾಗಿ ತಿರುಗಿಸಿ, ನಕಾರದ ದೀರ್ಘವನ್ನು ಟಕಾರಕ್ಕೆ ಕಟ್ಟಿ, ಅರ್ಕಾವೊತ್ತನ್ನು ಕಿತ್ತು ರಾವೊತ್ತು ಮಾಡಿ 'ಕಟಾನ್ರಕ' ಎಂದು ಅಚ್ಚೊತ್ತುತ್ತದೆ. ದೋಷಸಂದೇಶ ಬರಲಿಲ್ಲ. ಡಾಲರ್ ಪಕ್ಕ ಪ್ರಶ್ನಾರ್ಥಕ ಇಟ್ಟು, ಒಂದೇ ಸಲ, ಕೇಳಿದೆವು. 0.